ಒಂದು ಮಗ್ಗುಲು ಖಾಲಿ ಇರುವ ಹಾಳೆ

ಪ್ರಿಂಟರಿನಿಂದ ಬಂದ ಹಾಳೆಯನ್ನು ಬುಟ್ಟಿಗೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಹಿಂಬದಿ ಖಾಲಿ ಇದ್ದರೆ ಅದು ಇನ್ನೂ ರದ್ದಿಯಾಗಿಲ್ಲ. ಕಚೇರಿಯ ಕಡತಗಳ ನಡುವೆ ಮೂವತ್ತು ವರ್ಷ ಕಳೆದವಳು ನಾನು. ಅರ್ಧ ಬಳಸಿದ ಹಾಳೆಯನ್ನು ಯಾರಾದರೂ ಮುದ್ದೆ ಮಾಡಿ ಎಸೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇಂಥ ಹಾಳೆಗಳನ್ನು ಮತ್ತೆ ಪ್ರಿಂಟರಿಗೆ ಹಾಕುವುದಾದರೆ ನಾಲ್ಕೂ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಂದು ಪಿನ್ನು ಉಳಿದಿದ್ದರೂ ಯಂತ್ರ ಕೆಡುತ್ತದೆ, ಸುರುಳಿಯಾದ ಹಾಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ನನಗೆ ಇಷ್ಟವಾದದ್ದು ಪುಸ್ತಕ ಹೊಲಿಯುವುದು. ನಲವತ್ತು ಹಾಳೆ ಸೇರಿದ ಮೇಲೆ ಒಂದೊಂದನ್ನೂ ಅಚ್ಚಾದ ಮುಖ ಒಳಗೆ ಹೋಗುವಂತೆ ಅರ್ಧಕ್ಕೆ ಮಡಚುತ್ತೇನೆ. ಮಡಿಕೆಯ ಅಂಚು ಹೊರಗೆ, ಬಿಡಿ ಅಂಚುಗಳು ಹೊಲಿಗೆಯ ಕಡೆಗೆ. ಅಲ್ಲಿ ದಬ್ಬಳದಿಂದ ಐದು ತೂತು ಹಾಕಿ, ದಪ್ಪ ದಾರ ಪೋಣಿಸಿ ಬಿಗಿಯಾಗಿ ಗಂಟು ಹಾಕಿದರೆ ಲೆಕ್ಕದ ಪುಸ್ತಕ ಸಿದ್ಧ. ಪುಟಕ್ಕೆ ಎರಡು ಪದರ ಇರುವುದರಿಂದ ಶಾಯಿ ಹಿಂದಕ್ಕೆ ಇಂಗುವುದಿಲ್ಲ, ಹಳೆಯ ಬರಹ ಕಣ್ಣಿಗೆ ಬೀಳುವುದೂ ಇಲ್ಲ. ಬ್ಯಾಂಕಿನ, ಆಸ್ಪತ್ರೆಯ ಕಾಗದಗಳನ್ನು ಮಾತ್ರ ಇದಕ್ಕೆ ಬಳಸಬೇಡಿ.

ಎರಡೂ ಮಗ್ಗುಲು ತುಂಬಿದ ಮೇಲೆ ರದ್ದಿಗೆ ಕೊಡಿ, ಆದರೆ ಒಣಗಿದ್ದಾಗ ಕೊಡಿ. ಎಣ್ಣೆಯ ಕಲೆ ಬಿದ್ದ ಹಾಳೆ ಕಾಗದದ ಗಿರಣಿಗೆ ಬೇಡ. ಅಲ್ಲಿ ಕಾಗದವನ್ನು ನೀರಿನಲ್ಲಿ ಕದಡಿ ನಾರು ಬಿಡಿಸುತ್ತಾರೆ, ಎಣ್ಣೆ ಮಾತ್ರ ನಾರನ್ನು ಬಿಟ್ಟು ಹೋಗುವುದಿಲ್ಲ. ಹೀಗೆ ಮತ್ತೆ ಕಾಗದ ಮಾಡಿದ ಪ್ರತಿ ಸಲವೂ ನಾರು ಗಿಡ್ಡವಾಗುತ್ತದೆ, ಸುಮಾರು 5ರಿಂದ 7 ಸಲಕ್ಕೆ ಅದರ ಶಕ್ತಿ ಮುಗಿಯುತ್ತದೆ. ಕಚೇರಿಯ ಬಿಳಿ ಹಾಳೆಯ ನಾರು ವೃತ್ತಪತ್ರಿಕೆಯದಕ್ಕಿಂತ ಗಟ್ಟಿ. ಆದ್ದರಿಂದ ಎರಡನ್ನೂ ಬೆರೆಸದೆ ಬೇರೆ ಬೇರೆ ಕಟ್ಟಿಡಿ. ಗುಟ್ಟಿನ ಕಾಗದವಾದರೂ ಪೂರ್ತಿ ಪುಡಿ ಮಾಡಬೇಡಿ, ಹೆಸರು ಮತ್ತು ಸಂಖ್ಯೆ ಇರುವ ಭಾಗವನ್ನಷ್ಟೇ ಕತ್ತರಿಸಿ ತೆಗೆಯಿರಿ. ಸಣ್ಣ ಪಿನ್ನುಗಳನ್ನು ಗಿರಣಿಯವರು ಬೇರ್ಪಡಿಸಿಕೊಳ್ಳುತ್ತಾರೆ. ಅಂಟು ಟೇಪು, ಲ್ಯಾಮಿನೇಷನ್ ಮಾಡಿದ ಹಾಳೆ ಮಾತ್ರ ಕಟ್ಟಿನೊಳಗೆ ಸೇರಬಾರದು.

ಅಂಗಡಿಯ ನುಣುಪಾದ ಬಿಲ್ಲು ಚೀಟಿಯನ್ನು ಉಗುರಿನಿಂದ ಗೀಚಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಶಾಖಕ್ಕೆ ಬಣ್ಣ ಬದಲಿಸುವ ರಾಸಾಯನಿಕ ಹಚ್ಚಿದ ಕಾಗದ. ಅದನ್ನು ರದ್ದಿಗೂ ಹಾಕಬಾರದು, ಗೊಬ್ಬರಕ್ಕೂ ಹಾಕಬಾರದು.

ಕತ್ತರಿಸಿ ತೆಗೆದ ಸಾದಾ ಚೂರುಗಳನ್ನು ನಾನು ಗೊಬ್ಬರದ ಡಬ್ಬಕ್ಕೆ ಹಾಕುತ್ತೇನೆ. ತರಕಾರಿ ಸಿಪ್ಪೆಯ ಮೇಲೆ ಒಂದು ಹಿಡಿ ಉದುರಿಸಿ ಕೈಯಾಡಿಸಿದರೆ ನೀರನ್ನೆಲ್ಲ ಅದೇ ಹೀರಿಕೊಳ್ಳುತ್ತದೆ, ವಾಸನೆಯೂ ತಗ್ಗುತ್ತದೆ.