ಕಂಪ್ಯೂಟರ್‌ನಲ್ಲಿ ಸದ್ದಿಲ್ಲವೇ? ಮೊದಲು ಹಸಿರು ಗೆರೆ ನೋಡಿ

ಪರದೆಯ ಮೇಲೆ ಹಾಡು ಓಡುತ್ತಿದೆ, ಸ್ಪೀಕರ್ ಮಾತ್ರ ತುಟಿ ಬಿಚ್ಚುತ್ತಿಲ್ಲ. ರಿಪೇರಿಗೆ ಒಯ್ದರೆ ‘ವಿಂಡೋಸ್ ಹೊಸದಾಗಿ ಹಾಕ್ಬೇಕು ಸಾರ್’ ಎಂಬ ಉತ್ತರ ರೆಡಿ ಇರುತ್ತದೆ. ಬ್ಯಾಕಪ್ ಇಲ್ಲದೆ ಫಾರ್ಮ್ಯಾಟ್ ಮಾಡಿಸಿಕೊಂಡರೆ ಮನೆಯ ಫೋಟೊಗಳೆಲ್ಲ ಗೋವಿಂದ. ಅದಕ್ಕಿಂತ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ಸದ್ದು ಕಂಪ್ಯೂಟರ್ ಒಳಗೇ ಹುಟ್ಟುತ್ತಿಲ್ಲವೋ, ಅಥವಾ ಹುಟ್ಟಿಯೂ ದಾರಿಯಲ್ಲಿ ಕಳೆದುಹೋಗುತ್ತಿದೆಯೋ?

ಇದನ್ನು ತಿಳಿಯಲು ಕೆಳಗಿನ ಬಲಮೂಲೆಯ ಸ್ಪೀಕರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ವಿಂಡೋಸ್ 11 ಆದರೆ ಪುಟದ ತಳದಲ್ಲಿ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಇದೆ. 10ರಲ್ಲಿ ‘ಸೌಂಡ್ ಕಂಟ್ರೋಲ್ ಪ್ಯಾನೆಲ್’. ಅಲ್ಲಿ ಪ್ಲೇಬ್ಯಾಕ್ ಪಟ್ಟಿ ಕಾಣುತ್ತದೆ. ಯೂಟ್ಯೂಬ್‌ನಲ್ಲಿ ಯಾವುದಾದರೂ ಹಾಡು ಹಾಕಿಟ್ಟು ಪಟ್ಟಿಯನ್ನೇ ನೋಡುತ್ತಿರಿ. ಸಾಧನದ ಪಕ್ಕದ ಪುಟ್ಟ ಮೀಟರಿನಲ್ಲಿ ಹಸಿರು ಗೆರೆಗಳು ಹಾಡಿನ ಜತೆ ಏರಿಳಿದರೆ ಕಂಪ್ಯೂಟರ್ ತನ್ನ ಪಾಲಿನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಡ್ರೈವರ್ (ಸೌಂಡ್ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಪುಟ್ಟ ಸಾಫ್ಟ್‌ವೇರ್) ತಂಟೆಗೆ ಹೋಗಬೇಡಿ.

ಆದರೆ ಗೆರೆ ಯಾವ ಸಾಧನದ ಪಕ್ಕ ಕುಣಿಯುತ್ತಿದೆ? ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್ ಜೋಡಿಸಿದಾಗ ಚಿತ್ರದ ಜತೆ ಸದ್ದೂ ಅತ್ತಲೇ ಹೋಗಿಬಿಡುವುದುಂಟು. ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರೇ ಇರುವುದಿಲ್ಲ. ಒಳಕೋಣೆಯಲ್ಲಿ ಬಿದ್ದಿರುವ ಬ್ಲೂಟೂತ್ ಇಯರ್‌ಫೋನ್ ಆನ್ ಆಗಿದ್ದರೂ ಇದೇ ಕಥೆ. ನಿಮ್ಮ ಸ್ಪೀಕರಿನ ಹೆಸರು ಆರಿಸಿ ‘ಸೆಟ್ ಡೀಫಾಲ್ಟ್’ ಒತ್ತಿ. ನನ್ನ ಅಂದಾಜಿನಲ್ಲಿ ಮನೆಗಳ ‘ಸೌಂಡ್ ಹೋಯ್ತು’ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ.

ಗೆರೆ ಸರಿಯಾದ ಸಾಧನದಲ್ಲೇ ಕುಣಿದೂ ಸದ್ದಿಲ್ಲವೆಂದರೆ ವೈರ್ ನೋಡಿ. ಸ್ಪೀಕರಿನ ಪವರ್ ದೀಪ, ಅದರದೇ ವಾಲ್ಯೂಮ್ ತಿರುಪು, ಆಮೇಲೆ ಸಿಪಿಯು ಹಿಂಬದಿಯ ತೂತುಗಳು. ಬಣ್ಣ ಬಳಿದಿದ್ದರೆ ಸ್ಪೀಕರಿನದು ಹಸಿರು, ಮೈಕಿನದು ಗುಲಾಬಿ, ನೀಲಿ ಹೊರಗಿನಿಂದ ಸದ್ದು ಒಳತರಲು. ಮುಂಬದಿಯ ತೂತು ಕೆಲಸ ಮಾಡದೆ ಹಿಂದಿನದು ಮಾಡಿದರೆ, ಕ್ಯಾಬಿನೆಟ್ ಒಳಗಿನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ಕೇಬಲ್ ಸಡಿಲವಾಗಿರಬಹುದು. ಅಸೆಂಬಲ್ ಮಾಡಿದವರು ಅದನ್ನು ಹಾಕುವುದನ್ನೇ ಮರೆತಿರಲೂಬಹುದು.

ಒಂದು ವಿಚಿತ್ರ ತೊಂದರೆ ಇದೆ: ತಬಲಾ, ಪಿಟೀಲು ಕೇಳುತ್ತವೆ, ಗಾಯಕಿಯ ದನಿ ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದಂತೆ, ಇಲ್ಲವೇ ಪೂರ್ತಿ ಮಾಯ. ಹಾಡೇ ಕೆಟ್ಟಿದೆ ಎಂದು ಜನ ಇನ್ನೊಂದು ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಹೆಡ್‌ಫೋನ್ ಪ್ಲಗ್ ಹಿಡಿದು ನೋಡಿ. ಕಪ್ಪು ಉಂಗುರಗಳು ಅದನ್ನು ಭಾಗ ಮಾಡಿವೆ: ತುದಿ ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ, ಇನ್ನೊಂದು ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಕರೆಂಟ್ ವಾಪಸಾಗುವ ದಾರಿ. ಪ್ಲಗ್ ಅರ್ಧ ಕೂತು ಗ್ರೌಂಡ್ ತಪ್ಪಿದರೆ ಎಡಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬೀಳುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಬೆರೆಸಿರುವುದರಿಂದ ಅದು ಕಳೆದು ಸೊನ್ನೆಯಾಗುತ್ತದೆ. ಪ್ಲಗ್ಗನ್ನು ‘ಟಕ್’ ಎನ್ನುವವರೆಗೆ ಒತ್ತಿ. ಆಗಲೂ ಸರಿಹೋಗದಿದ್ದರೆ ಪ್ಲಗ್ಗಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ದನಿ ಬಂದು ಹೋಗಿ ಮಾಡಿದರೆ ಒಳಗೆ ತಂತಿ ತುಂಡಾಗಿದೆ.

ಸ್ಪೀಕರಿನಲ್ಲಿ ಸದಾ ‘ಗುಂಯ್’ ಎನ್ನುವ ಸದ್ದಿದ್ದರೆ ಅದು ನಮ್ಮ 50 ಹರ್ಟ್ಸ್ ಕರೆಂಟಿನದಾಗಿರಬಹುದು. ಕಂಪ್ಯೂಟರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನು ಹಸಿರು ಗೆರೆ ಮಿಸುಕದಿದ್ದರೆ ತೊಂದರೆ ಒಳಗಿನದು. ಮೊದಲು ಬೇರೊಂದು ಪ್ರೋಗ್ರಾಂನಲ್ಲಿ ಹಾಡು ಹಾಕಿ. ಅಲ್ಲಿ ಕೇಳಿಸಿದರೆ ಕ್ರೋಮ್‌ನ ಟ್ಯಾಬ್ ಮ್ಯೂಟ್ ಆಗಿರಬೇಕು (ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಗೊತ್ತಾಗುತ್ತದೆ), ಇಲ್ಲವೇ ವಾಲ್ಯೂಮ್ ಮಿಕ್ಸರಿನಲ್ಲಿ ಆ ಪ್ರೋಗ್ರಾಂನ ಸದ್ದು ಸೊನ್ನೆಗಿಳಿದಿರಬೇಕು. ಎಲ್ಲೂ ಕೇಳಿಸದಿದ್ದರೆ ಸ್ಟಾರ್ಟ್‌ನಲ್ಲಿ ‘ಸರ್ವೀಸಸ್’ ಹುಡುಕಿ, ಪಟ್ಟಿಯಲ್ಲಿ ‘ವಿಂಡೋಸ್ ಆಡಿಯೊ’ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ.

ಡ್ರೈವರ್ ಸರದಿ ಬರುವುದು ಈಗ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿವೈಸ್ ಮ್ಯಾನೇಜರ್, ಅದರಲ್ಲಿ ಸೌಂಡ್ ವಿಭಾಗ. ಅಪ್‌ಡೇಟ್ ಆದ ಮೇಲೆ ಸದ್ದು ಹೋಗಿದ್ದರೆ ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್’ ಒತ್ತಿ. ಆ ಬಟನ್ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಡ್ರೈವರನ್ನು ಮತ್ತೆ ಕೂರಿಸುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಅಳಿಸಲೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಬೇಡಿ.

ಮೀಟಿಂಗ್ ಶುರುವಾದ ಕೂಡಲೇ ಹಾಡು ಕುಗ್ಗುತ್ತದೆ ಎನ್ನುವವರಿಗೆ ಔಷಧ ಅದೇ ಸೌಂಡ್ ಕಿಟಕಿಯ ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿದೆ. ಕರೆ ಬಂದಾಗ ಉಳಿದ ಸದ್ದನ್ನು 80% ತಗ್ಗಿಸು ಎಂದು ಅಲ್ಲಿ ಮೊದಲೇ ಹೇಳಿಟ್ಟಿರುತ್ತದೆ; ‘ಡೂ ನಥಿಂಗ್’ ಆರಿಸಿ.

ಇಷ್ಟಾದರೂ ಗೆರೆ ಕದಲದಿದ್ದರೆ ಮದರ್‌ಬೋರ್ಡಿನ ಆಡಿಯೊ ಚಿಪ್ ಕೈಕೊಟ್ಟಿರಬಹುದು. ಅದಕ್ಕಾಗಿ ಬೋರ್ಡ್ ಬದಲಿಸುವುದು ದುಂದು. ಯುಎಸ್‌ಬಿ ಸೌಂಡ್ ಕಾರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಚುಚ್ಚಿ, ಪ್ಲೇಬ್ಯಾಕ್ ಪಟ್ಟಿಯಲ್ಲಿ ಅದನ್ನೇ ಡೀಫಾಲ್ಟ್ ಮಾಡಿಕೊಳ್ಳಿ.