ಬಳ್ಳಾರಿ ಬಿಸಿಲಲ್ಲಿ ಕ್ಲೌಡ್ ಗೇಮಿಂಗ್: ನನ್ನ ಅನುಭವ

ಬಳ್ಳಾರಿ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಮೇಲೆ ದೊಡ್ಡ ಗೇಮ್ ಆಡೋದು ಕಷ್ಟ. ಹೊರಗೆ 40 ಡಿಗ್ರಿ ದಾಟಿದಾಗ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿ ಇರುತ್ತದೆ. ಚಿಪ್ ಕಾದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಟ ನಿಂತು ನಿಂತು ಓಡುತ್ತದೆ. ಕ್ಲೌಡ್‌ನಲ್ಲಿ ಈ ತಾಪತ್ರಯ ಇಲ್ಲ. ಗೇಮ್ ಓಡುವುದು ದೂರದ ಡೇಟಾ ಸೆಂಟರ್‌ನಲ್ಲಿ. ನಾವು ಒತ್ತಿದ ಬಟನ್ ಅಲ್ಲಿಗೆ ಹೋಗುತ್ತದೆ, ವಿಡಿಯೊ ಇಲ್ಲಿಗೆ ಬರುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಅದನ್ನು ತೋರಿಸೋದಷ್ಟೇ ಕೆಲಸ.

ಮೈಕ್ರೋಸಾಫ್ಟ್‌ನ ಗೇಮಿಂಗ್ ಬ್ರ್ಯಾಂಡ್ ಎಕ್ಸ್‌ಬಾಕ್ಸ್‌ನ ಕ್ಲೌಡ್ ಸೇವೆ 2025ರ ನವೆಂಬರ್‌ನಲ್ಲಿ ಭಾರತಕ್ಕೆ ಬಂತು. ಬ್ರೌಸರ್‌ನಲ್ಲೇ ತೆರೆದು ಫೋರ್ಜಾ ಹೊರೈಜನ್ 5 ಅನ್ನೋ ಕಾರ್ ರೇಸ್ ಗೇಮ್ ಹಾಕಿದೆ. ಡೌನ್‌ಲೋಡ್ ಮಾಡಿದರೆ 100 ಜಿಬಿಗೂ ಜಾಸ್ತಿ ಜಾಗ ಬೇಡುವ ಗೇಮ್ ಅದು. ಇಲ್ಲಿ ಡೌನ್‌ಲೋಡ್ ಇಲ್ಲದೆಯೇ ಮೆಕ್ಸಿಕೋದ ರಸ್ತೆ ಕಣ್ಣ ಮುಂದೆ ಬಂತು. ಆದರೆ ತಿರುವಿನಲ್ಲಿ ಸ್ಟಿಕ್ ಎಡಕ್ಕೆ ಎಳೆದರೆ ಕಾರು ಒಂದು ಕ್ಷಣ ನೇರ ಹೋಗಿ ಆಮೇಲೆ ತಿರುಗುತ್ತಿತ್ತು.

ನೆಟ್ ಹುಡುಗನನ್ನು ಕರೆಸಿದೆ. ಮೊಬೈಲಲ್ಲಿ ಸ್ಪೀಡ್ ಟೆಸ್ಟ್ ಮಾಡಿ, “ಅಣ್ಣಾ, 100 ಎಂಬಿ ಪೂರ್ತಿ ಬರ್ತೈತಿ ನೋಡ್ರಿ” ಅಂದ. ಅವನ ಮಾತು ನಿಜವೇ. 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಇದ್ದರೂ ಈ ಆಟಕ್ಕೆ ಸಾಕು. ಅಂದರೆ ತೊಂದರೆ ವೇಗದ್ದಲ್ಲ, ಸಿಗ್ನಲ್ ಹೋಗಿ ಬರುವ ತಡದ್ದು ಇರಬೇಕು. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನಮ್ಮ ರೂಟರ್‌ಗೇ ಪಿಂಗ್ ಹಾಕಿದೆ, ಅಂದರೆ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆದೆ. ಮನೆಯೊಳಗೇ ಇರುವ ಡಬ್ಬಿ, ಒಂದೆರಡು ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು, ಅಲ್ವಾ? 3, 4 ಅಂತ ಬಂದು ಒಮ್ಮೆಲೇ 90, ಮತ್ತೆ 5. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೆ ಸಿಗೋದು ಸುಮಾರು 17 ಮಿಲಿಸೆಕೆಂಡ್. ಆ ಒಂದು 90ರಲ್ಲಿ ಐದು ಚಿತ್ರ ತಡವಾಯಿತು. ಕಾರು ತಿರುಗದಿದ್ದದ್ದು ಅದಕ್ಕೇ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಅಕ್ಕಪಕ್ಕದವರದ್ದೂ ಸೇರಿ ಗದ್ದಲ ಜಾಸ್ತಿ. 5 ಗಿಗಾಹರ್ಟ್ಸ್ ಹಾಕಿದರೆ ನಮ್ಮ ದಪ್ಪ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೋಲುತ್ತದೆ.

ವೈಫೈ ಬಿಟ್ಟು, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಬಾಗಿಲ ಚೌಕಟ್ಟಿನ ಮೇಲಿಂದ ಲ್ಯಾನ್ ಕೇಬಲ್ ಎಳೆದೆ. “ಗ್ವಾಡಿಗೆ ಮೊಳಿ ಹೊಡಿಬ್ಯಾಡಪಾ” ಅಂದರು ಅಮ್ಮ, ಅಂಟಿಸುವ ಕ್ಲಿಪ್ ತಂದೆ. ಈಗ ಪಿಂಗ್ 1ಕ್ಕಿಂತ ಕಡಿಮೆ, ಸಾಲು ಸಾಲಾಗಿ ಅದೇ ಅಂಕಿ. ಕಾರು ಎಳೆದ ಕಡೆಗೆ ತಿರುಗುತ್ತದೆ. ಎಷ್ಟು ಖುಷಿಯಾಯಿತು ಅಂದರೆ, ರೇಸ್ ಬಿಟ್ಟು ಸುಮ್ನೆ ತಿರುವುಗಳನ್ನೇ ಹುಡುಕಿಕೊಂಡು ಓಡಿಸಿದೆ. ಕಂಟ್ರೋಲರ್‌ಗೂ ಬ್ಲೂಟೂತ್ ಬದಲು ವೈರ್ ಹಾಕಿ. ಟಿವಿಯಲ್ಲಿ ಆಡುವುದಾದರೆ, ಚಿತ್ರ ತಡವಾಗದಂತೆ ಮಾಡುವ ಗೇಮ್ ಮೋಡ್ ಅನ್ನು ಟಿವಿ ಸೆಟ್ಟಿಂಗ್‌ನಲ್ಲಿ ಆನ್ ಇಡಿ.

ಮೊಬೈಲ್ ಡೇಟಾದಲ್ಲಿ ಆಡುವವರಿಗೆ ಒಂದು ಲೆಕ್ಕ. 15 ಎಂಬಿಪಿಎಸ್‌ನಲ್ಲಿ ಗಂಟೆಗೆ ಆರೂವರೆ ಜಿಬಿಗಿಂತ ಜಾಸ್ತಿ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ 20 ನಿಮಿಷದೊಳಗೆ ಖಾಲಿ.

ಇನ್ನು ಕರೆಂಟ್ ಹೋದಾಗಿನ ಮಾತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ವಿಡಿಯೊ ತೋರಿಸೋದಷ್ಟೇ ಆದ್ದರಿಂದ ಬಾಳಿಕೆಯೂ ಬರುತ್ತದೆ. ರೂಟರ್‌ಗೆ ಒಂದು ಮಿನಿ ಯುಪಿಎಸ್ (ಚಿಕ್ಕ ಬ್ಯಾಟರಿ ಡಬ್ಬಿ) ಇಟ್ಟುಕೊಳ್ಳಿ. ಫೈಬರ್ ಡಬ್ಬಿ ಬೇರೆಯಾಗಿದ್ದರೆ ಅದನ್ನೂ ಅದಕ್ಕೇ ಜೋಡಿಸಿ, ಕೊಳ್ಳುವ ಮುಂಚೆ ಎರಡರ ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡಿಕೊಳ್ಳಿ.