ಲೋಷನ್ ಅಂತ ತಂದರೆ ಬರೀ ನೀರು

ಟೋಕಿಯೋಗೆ ಬಂದ ಮೊದಲ ಜನವರಿಯಲ್ಲೇ ನನ್ನ ಕೆನ್ನೆ ಒಡೆಯಿತು. ನಕ್ಕರೆ ಚುರ್ ಅನ್ನುತ್ತಿತ್ತು. ಹಾಸನದ ಚಳಿಯಲ್ಲಿ ಬೆಳೆದವಳು ನಾನು. ಆದರೆ ಇಲ್ಲಿ ಚಳಿಗಾಲದ ಗಾಳಿಯಲ್ಲಿ ತೇವವೇ ಇರುವುದಿಲ್ಲ, ಮನೆಯೊಳಗೆ ಹೀಟರ್ ಬೇರೆ. ನಿಶಿಕಸಾಯ್ ಸ್ಟೇಷನ್ ಹತ್ತಿರದ ಔಷಧಿ ಅಂಗಡಿಯಿಂದ 'ಲೋಷನ್' ಅಂತ ಬರೆದಿದ್ದ ಬಾಟಲಿ ತಂದೆ. ಅಂಗೈಗೆ ಸುರಿದರೆ ಬರೀ ನೀರು! ಬೆರಳ ಸಂದಿಯಿಂದ ಸೋರಿ ಸ್ವೆಟರ್ ತೊಯ್ದುಹೋಯಿತು.

ಜಪಾನಿನಲ್ಲಿ ಮುಖದ ಲೋಷನ್ ಅಂದರೆ ಕ್ರೀಮ್ ಅಲ್ಲ, 'ಕೆಶೋಸುಯಿ'. ಮುಖ ತೊಳೆದ ಕೂಡಲೇ ಹಚ್ಚುವ ನೀರಿನಂಥ ದ್ರವ. ಅದರ ಮೇಲೆ 'ನ್ಯೂಎಕಿ' ಅನ್ನುವ, ಹಾಲಿನಂಥದ್ದನ್ನು ಹಚ್ಚಬೇಕು. ಇಲ್ಲದಿದ್ದರೆ ತೇವ ಆರಿಹೋಗುತ್ತದೆ. ನಾನು ಒಂದು ವಾರ ಬರೀ ಕೆಶೋಸುಯಿ ತಟ್ಟಿಕೊಂಡು, ಮುಖ ಯಾಕೆ ಇನ್ನೂ ಬಿಗಿಯುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಆಫೀಸಿನ ಗೆಳತಿ ಬಾಟಲಿ ಮೇಲಿನ ಒಂದು ಪದ ತೋರಿಸಿದಳು. 'ಶಿತ್ತೊರಿ' ಅಂದರೆ ತೇವ ಜಾಸ್ತಿ, 'ಸಪ್ಪರಿ' ಅಂದರೆ ಹಗುರ. ನಾನು ತಂದಿದ್ದು ಸಪ್ಪರಿ. ಹೆಸರಲ್ಲೇ ಸಪ್ಪೆ ಇದೆ, ಹೊಳೆಯಬೇಕಿತ್ತು ಅಲ್ವಾ?

ಈಗ ಹದಾ ಲಾಬೋ ಕಂಪನಿಯ ಗೊಕುಜ್ಯುನ್ ಅನ್ನುವ ಕೆಶೋಸುಯಿ ಬಳಸುತ್ತೇನೆ. ತೇವ ಹಿಡಿದಿಡುವ ಹಯಲುರೋನಿಕ್ ಆಸಿಡ್ ಇರುವಂಥದ್ದು. ಒಮ್ಮೆ ಬಾಟಲಿ ಕೊಂಡರೆ ಸಾಕು, ಆಮೇಲೆ ಪ್ಯಾಕೆಟ್ ತಂದು ಅದಕ್ಕೇ ತುಂಬಿಕೊಳ್ಳಬಹುದು. ಹೊಸದೇನೇ ತಂದರೂ ಮೊದಲು ಎರಡು ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡುತ್ತೇನೆ. ಸೀರಮ್, ಮಾಸ್ಕ್ ಗೋಜಿಗೆ ಹೋಗಿಲ್ಲ.

ನಿಜವಾಗಿ ಕಲಿಯಬೇಕಾಗಿದ್ದು ತೊಳೆಯುವುದನ್ನು. ಬೆಳಿಗ್ಗೆ ಹಚ್ಚುವ ಸನ್‌ಸ್ಕ್ರೀನ್ ಮೇಲೆ ಎಸ್‌ಪಿಎಫ್ 50+, ಪಿಎ++++ ಅಂತ ಇರುತ್ತದೆ. ಬಿಸಿಲಿನ ಯುವಿಎ ಕಿರಣಗಳಿಂದ ಎಷ್ಟು ರಕ್ಷಣೆ ಅಂತ ಹೇಳುವ ಈ ಪಿಎ ಲೆಕ್ಕ ಶುರುವಾಗಿದ್ದೇ ಜಪಾನಿನಲ್ಲಿ. ನನ್ನ ಸನ್‌ಸ್ಕ್ರೀನ್ ಬರೀ ಫೇಸ್‌ವಾಶ್‌ಗೆ ಜಗ್ಗುತ್ತಿರಲಿಲ್ಲ. ಅದಕ್ಕೇ ರಾತ್ರಿ ಮೊದಲು ಕ್ಲೆನ್ಸಿಂಗ್ ಆಯಿಲ್, ಆಮೇಲೆ ನೊರೆ. ಶುರುವಿನಲ್ಲಿ ಸ್ನಾನ ಮಾಡುತ್ತಲೇ ಒದ್ದೆ ಕೈಯಲ್ಲಿ ಎಣ್ಣೆ ಹಚ್ಚುತ್ತಿದ್ದೆ. ತಕ್ಷಣ ಬೆಳ್ಳಗಾಗಿ ಹರಿದುಹೋಗುತ್ತಿತ್ತು, ಸನ್‌ಸ್ಕ್ರೀನ್ ಇದ್ದಲ್ಲೇ ಇರುತ್ತಿತ್ತು. ಆಮೇಲೆ ಅಜ್ಜಿಯ ಎಣ್ಣೆಸ್ನಾನ ನೆನಪಾಯಿತು. ಒಣ ಮೈಗೆ ತಾನೇ ಅವಳು ಎಣ್ಣೆ ತಿಕ್ಕುತ್ತಿದ್ದಿದ್ದು? ಇಲ್ಲೂ ಹಾಗೇ. ಒಣ ಕೈ, ಒಣ ಮುಖ. ಮೂಗಿನ ಪಕ್ಕ, ಹುಬ್ಬಿನ ನಡುವೆ ಮೆಲ್ಲಗೆ ಸವರಿ, ಕೊನೆಗೆ ಒಂದು ಚೂರು ನೀರು ಮುಟ್ಟಿಸುತ್ತೇನೆ. ಎಣ್ಣೆ ನೀರುಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಗ ತೊಳೆದರೆ ಜಿಡ್ಡೇ ಉಳಿಯುವುದಿಲ್ಲ. ಒದ್ದೆ ಕೈಯಲ್ಲೂ ಬಳಸಬಹುದು ಅಂತ ಬರೆದಿರುವ ಎಣ್ಣೆಗಳೂ ಸಿಗುತ್ತವೆ, ನನ್ನದು ಅಂಥದ್ದಲ್ಲ.

ನೊರೆ ಮಾಡೋಕೆ ಇಲ್ಲಿ ಒಂದು ಸಣ್ಣ ಬಲೆ ಸಿಗುತ್ತದೆ. ಫೇಸ್‌ವಾಶ್ ಹಾಕಿ ಉಜ್ಜಿದರೆ, ಅಂಗೈ ಮಗುಚಿದರೂ ಬೀಳದಷ್ಟು ಗಟ್ಟಿ ನೊರೆ. ಮುಖಕ್ಕೆ ನೊರೆ ತಾಕಬೇಕು, ಬೆರಳು ತಾಕಬಾರದು. ತಿಕ್ಕಿ ತೊಳೆದರೇ ಶುದ್ಧ ಅಂದುಕೊಂಡಿದ್ದ ನನಗೆ ಇದು ಸುಲಭಕ್ಕೆ ಬರಲಿಲ್ಲ.

ಮಾರ್ಚ್ ಹೊತ್ತಿಗೆ ಕೆನ್ನೆ ಸರಿಹೋಯಿತು. ಜುಲೈ ಬಂತು ನೋಡಿ, ಟೋಕಿಯೋ ಮಂಗಳೂರಿನ ಹಾಗೆ ಬೆವರತೊಡಗಿತು. ಶಿತ್ತೊರಿ ಹಚ್ಚಿದರೆ ಮುಖವೆಲ್ಲ ಅಂಟಂಟು. ಮೂಲೆ ಸೇರಿದ್ದ ಸಪ್ಪರಿ ಬಾಟಲಿಯ ಧೂಳು ಒರೆಸಿ ಕನ್ನಡಿ ಮುಂದೆ ಇಟ್ಟೆ.